ಎಡಗಾಲಿಗೆ ಕೆಲಸವಿಲ್ಲದ ಕಾರು

ಎಮ್ಮೆ ಹಾಲು ಇಳಿಸಲೊಲ್ಲದು. ಮಂಗಳಮ್ಮ ಮತ್ತೊಮ್ಮೆ ಕೆಚ್ಚಲಿಗೆ ನೀರು ಚಿಮುಕಿಸಿ, ಮೊಣಕಾಲುಗಳ ನಡುವೆ ಪಾತ್ರೆ ಇರುಕಿಸಿಕೊಂಡು ಕೂತಳು. ಅಷ್ಟರಲ್ಲಿ ಅಂಗಳದಲ್ಲಿ ತಮಟೆಯವರು ವರಸೆ ಬದಲಾಯಿಸಿದರು. ಎಮ್ಮೆ ಬೆಚ್ಚಿ ಹಿಂಗಾಲು ಝಾಡಿಸಿತು. ಕರೆದಿದ್ದ ನಾಲ್ಕು ತೊಟ್ಟು ಹಾಲೂ ನೆಲದ ಪಾಲಾಯಿತು.

"ಗಂಡನ ಹೆಣ ಅಟ್ಟಿ ಮುಂದೆ ಕುಂತದೆ. ನೀನು ಬಂದು ಎಮ್ಮೆ ಕೆಳಗೆ ಕುಂತಿದ್ದೀಯಲ್ಲ ಮಗ," ಎಂದಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಬೈರಮ್ಮ. ಸತ್ತ ಬೋರಯ್ಯನಿಗೆ ಅವಳು ದೊಡ್ಡವ್ವ. ಹಣ್ಣು ಹಣ್ಣು ಮುದುಕಿ. ಊರಿನಲ್ಲಿ ಯಾರು ಸತ್ತರೂ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳುವ ಅಧಿಕಾರ ಅವಳದು.

"ಹೆಣ ಕಾಯ್ತದೆ ಅತ್ತೆ. ಕೆಚ್ಚಲು ಕಾಯಕಿಲ್ಲ."

"ಎಲ್ಲಾರೂ ಬಾಯ್ಗೆ ಅಕ್ಕಿ ಹಾಕಾಯ್ತು. ಇನ್ನು ಎಂಡ್ರು ಒಬ್ಳೇ ಬಾಕಿ. ನೀನು ಹಾಕ್ದೆ ಚಟ್ಟ ಎತ್ತಂಗಿಲ್ಲ."

"ಎತ್ಲಿ ಬುಡು. ನಾನು ಹಾಕಕಿಲ್ಲ ಅಂತ ಅವತ್ತೇ ಯೋಳಿವ್ನಿ. ನೀನೂ ಕೇಳುಸ್ಕಂಡಿದ್ದೆ."

ಬೈರಮ್ಮ ಕೇಳಿಸಿಕೊಂಡಿದ್ದಳು. ಊರಿಗೆ ಊರೇ ಕೇಳಿಸಿಕೊಂಡಿತ್ತು. ಐದು ವರ್ಷದ ಹಿಂದೆ, ಇದ್ದೊಬ್ಬ ಮಗಳು ರಂಜಿತಳನ್ನು ಮಣ್ಣು ಮಾಡಿ ಬಂದ ದಿನ, ಮಂಗಳಮ್ಮ ನಡುಬೀದಿಯಲ್ಲಿ ನಿಂತು ಗಂಡನ ಮುಖಕ್ಕೆ ಹೇಳಿದ್ದಳು: "ನೀನು ಸತ್ರೆ ನಿನ್ನ ಬಾಯಿಗೆ ಒಂದು ಕಾಳು ಅಕ್ಕಿ ಹಾಕಕಿಲ್ಲ ನಾನು." ಅಲ್ಲಿಂದಾಚೆಗೆ ಅವನ ಜೊತೆ ಮಾತು ಬಿಟ್ಟಳು. ಮುದ್ದೆ ಕಟ್ಟಿ ತಟ್ಟೆಗೆ ಹಾಕುವುದನ್ನು ಬಿಡಲಿಲ್ಲ, ಪಂಚೆ ಒಗೆಯುವುದನ್ನು ಬಿಡಲಿಲ್ಲ, ಮಾತೊಂದನ್ನು ಬಿಟ್ಟಳು. ಹೇಳಲೇಬೇಕಾದದ್ದು ಏನಾದರೂ ಇದ್ದರೆ ಎಮ್ಮೆಗೆ ಹೇಳುತ್ತಿದ್ದಳು. "ಉಣ್ಣಾಕೆ ಇಟ್ಟಿವ್ನಿ, ತಣ್ಣಗಾಯ್ತದೆ" ಎಂದು ಕೊಟ್ಟಿಗೆಯ ಕಡೆ ಮುಖ ಮಾಡಿ ಅಂದರೆ, ಜಗಲಿಯ ಮೇಲಿದ್ದ ಬೋರಯ್ಯ ಎದ್ದು ಕೈ ತೊಳೆಯುತ್ತಿದ್ದ. ಎಮ್ಮೆಯೂ ಈ ಮಾತೆಲ್ಲ ತನಗಲ್ಲ ಎಂಬುದನ್ನು ಕಲಿತುಕೊಂಡು ಕಿವಿ ನಿಮಿರಿಸುವುದನ್ನು ಬಿಟ್ಟಿತ್ತು.

ಹಿಂದಿನ ಸಂಜೆ ಬೋರಯ್ಯ ಎಂದಿನಂತೆ ಮನೆಯ ಪಕ್ಕದ ಚಪ್ಪರದಲ್ಲಿ ನಿಂತಿದ್ದ ತನ್ನ ಕೆಟ್ಟ ಕಾರಿನೊಳಗೆ ಹೋಗಿ ಕೂತವನು ಊಟಕ್ಕೆ ಬರಲಿಲ್ಲ. ಬರದಿದ್ದರೆ ಬಿಡಲಿ ಎಂದು ಮಂಗಳಮ್ಮ ತಟ್ಟೆ ಮುಚ್ಚಿಟ್ಟು ಮಲಗಿದಳು. ಬೆಳಿಗ್ಗೆ ಕಸ ಗುಡಿಸಲು ಹೋದಾಗ ಅವನು ಸ್ಟೀರಿಂಗಿನ ಮೇಲೆ ಹಣೆಯಿಟ್ಟುಕೊಂಡಿದ್ದ. ಕೂತಲ್ಲೇ ಸೆಟೆದಿದ್ದರಿಂದ ಅವನನ್ನು ಗೋಡೆಗೆ ಒರಗಿಸಿ ಕೂರಿಸುವವರಿಗೆ ಕೆಲಸ ಹಗುರವಾಯಿತು ಅಷ್ಟೆ. ಮಂಗಳಮ್ಮನ ಕಣ್ಣಲ್ಲಿ ನೀರು ಬರಲಿಲ್ಲ. ಬಂದರೆ ಒರೆಸಿಕೊಳ್ಳೋಣ ಎಂದು ಸೆರಗು ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದಳು, ಬರಲಿಲ್ಲ. ಆಮೇಲೆ ಕೊಟ್ಟಿಗೆಗೆ ಬಂದಳು.

"ತವರಿನ ಸೀರೆ ತಕ್ಕಂಡು ದೇವರಾಜು ಬಂದವ್ನೆ. ಅವ್ನ ಮಾತ್ಗಾರ ಬೆಲೆ ಕೊಡು," ಎಂದಳು ಬೈರಮ್ಮ.

"ದೇವರಾಜು ನನ್ನ ತಮ್ಮ. ಹಾಕು ಅಂತ ಅವ್ನು ಯೋಳಕಿಲ್ಲ, ನೋಡ್ತಿರು."

ಮುದುಕಿ ನಿಟ್ಟುಸಿರಿಟ್ಟು ಗೋಡೆ ಹಿಡಿದುಕೊಂಡು ಅಂಗಳದ ಕಡೆ ಹೋದಳು.

* * *

ಆ ಕಾರು ಊರಿಗೆ ಬಂದಾಗ ಬೋರಯ್ಯನಿಗೆ ಆಗಷ್ಟೇ ಮೀಸೆ ಕಪ್ಪಾಗುತ್ತಿತ್ತು. ತೋಟದ ಮನೆಯ ತಮ್ಮಯ್ಯನವರು ಮೈಸೂರಿನ ಹರಾಜಿನಲ್ಲಿ ಕೂಗಿ ಕೊಂಡು ತಂದದ್ದು. ಕಡಲಾಚೆಯ ಗಾಡಿ. ಎತ್ತು ಸಮೇತ ನಿಂತ ಗಾಡಿಗಿಂತಲೂ ಉದ್ದ. ಅದರಲ್ಲಿ ಗೇರು ತಾನಾಗಿಯೇ ಬದಲಾಗುತ್ತದೆ ಎಂಬ ಸುದ್ದಿ ಪಾಂಡವಪುರದಿಂದ ಕೃಷ್ಣರಾಜಪೇಟೆಯವರೆಗೆ ಹರಡಿ, ಜನ ಸಂತೆ ಮುಗಿಸಿಕೊಂಡು ಅದನ್ನು ನೋಡಲು ಬರುತ್ತಿದ್ದರು. ತಮ್ಮಯ್ಯನವರು ಕಾರು ಓಡಿಸಲು ಹೊರಗಿನವರನ್ನು ಕರೆಯಲಿಲ್ಲ. ಮನೆಯಲ್ಲಿ ಆಳಾಗಿದ್ದ ಬೋರಯ್ಯನನ್ನೇ ಕೂರಿಸಿ ಒಂದು ಮಧ್ಯಾಹ್ನದಲ್ಲಿ ಕಲಿಸಿಬಿಟ್ಟರು. "ಬಲಗಾಲಲ್ಲಿ ಇಲ್ಲಿ ಒತ್ತುದ್ರೆ ಓಯ್ತದೆ. ಅದೇ ಕಾಲಲ್ಲಿ ಅಲ್ಲಿ ಒತ್ತುದ್ರೆ ನಿಲ್ತದೆ. ಎಡಗಾಲು ಮಡಿಸ್ಕಂಡು ತೆಪ್ಪಗೆ ಕುಂತ್ಕೊ, ಅದ್ಕೆ ಕೆಲ್ಸ ಇಲ್ಲ."

ಮಂಗಳಮ್ಮ ಮದುವೆಯಾಗಿ ಬರುವ ಹೊತ್ತಿಗೆ ಅವನು ಡ್ರೈವರ್ ಬೋರಣ್ಣ. ಖಾಕಿ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕ್ರಾಪು. ಬಸ್ಸಿನವರು ಸಹ ಅವನನ್ನು ಕಂಡರೆ ಕೈಯೆತ್ತುತ್ತಿದ್ದರು. ತಮ್ಮಯ್ಯನವರು ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಆ ಹಳೆಯ ಆನೆಯನ್ನು ಸಾಕುವ ಮನಸ್ಸಿರಲಿಲ್ಲ. ಇಷ್ಟು ವರ್ಷ ದುಡಿದದ್ದಕ್ಕೆ ನೀನೇ ಇಟ್ಟುಕೋ ಎಂದು ಬೋರಯ್ಯನಿಗೆ ಬಿಟ್ಟುಕೊಟ್ಟರು. ನಾಗಮಂಗಲದ ತನಕ ಯಾರ ಮನೆ ಮದುವೆಯಾದರೂ ಹೆಣ್ಣು ಗಂಡಿನ ಮೆರವಣಿಗೆಗೆ ಆ ಕಾರೇ ಬೇಕು. ಬ್ರೇಕಿನಿಂದ ಕಾಲು ತೆಗೆದರೆ ಸಾಕು, ವಾದ್ಯದವರ ಹಿಂದೆ ಅದು ತಾನಾಗಿ ಮೆಲ್ಲಗೆ ನಡೆಯುತ್ತಿತ್ತು.

ಮೊದಲು ಕೈಕೊಟ್ಟದ್ದು ರಿವರ್ಸು. ಹಿಂದಕ್ಕೆ ಹೋಗುವುದಿಲ್ಲ ಎಂದು ಗಾಡಿ ಹಟ ಹಿಡಿದ ಮೇಲೆ ಬೋರಯ್ಯ ಮುಂದಕ್ಕೆ ಮಾತ್ರ ಹೋಗುವ ಹಾಗೆ ಬದುಕನ್ನು ಹೊಂದಿಸಿಕೊಂಡ. ತಿರುಗಿಸಲು ಜಾಗವಿಲ್ಲದ ಊರಿಗೆ ಬಾಡಿಗೆ ಒಪ್ಪುತ್ತಿರಲಿಲ್ಲ. ಸಿಕ್ಕಿಹಾಕಿಕೊಂಡರೆ ಬೀಗರು ಇಳಿದು ನೂಕಬೇಕಾಗುತ್ತಿತ್ತು. ಆಮೇಲೆ ಮುಂದಕ್ಕೂ ತೊಂದರೆ. ಬೆಳಿಗ್ಗೆ ಸ್ಟೀರಿಂಗಿನ ಪಕ್ಕದ ಸಣ್ಣ ಹಿಡಿಯನ್ನು ಎಳೆದು ಗೇರಿಗೆ ಹಾಕಿದರೆ ಇಂಜಿನ್ನು ಬೊಬ್ಬೆ ಹೊಡೆಯುತ್ತದೆ, ಗಾಡಿ ಕದಲುವುದಿಲ್ಲ. ಹೋಗಲೋ ಬೇಡವೋ ಎಂದು ಯೋಚನೆ ಮಾಡಿದಂತೆ ನಿಂತು, ಒಮ್ಮೆಲೇ ಎಗರುತ್ತದೆ. ಮೇಲುಕೋಟೆ ದಿಬ್ಬದಲ್ಲಿ ಜಾರಿ ಜಾರಿ, ಸುಟ್ಟ ಎಣ್ಣೆಯ ವಾಸನೆ ಹೊಡೆದು, ಭಕ್ತರೆಲ್ಲ ಇಳಿದು ನಡೆದೇ ಬೆಟ್ಟ ಹತ್ತುತ್ತಿದ್ದರು. ಗೇರುಪೆಟ್ಟಿಗೆಯ ಕೆಂಪೆಣ್ಣೆ ಅಂಗಳದಲ್ಲಿ ತೊಟ್ಟಿಕ್ಕುತ್ತಿತ್ತು. ಶ್ರೀರಂಗಪಟ್ಟಣದ ಮೆಕ್ಯಾನಿಕ್ಕು ಪೆಟ್ಟಿಗೆಯ ತಳ ಬಿಚ್ಚಿ, ಒಳಗೆ ಒಮ್ಮೆ ಬಗ್ಗಿ ನೋಡಿ, ಹಾಗೆಯೇ ಮುಚ್ಚಿ ಕಳಿಸಿದ.

ಎಣ್ಣೆ ಬದಲಾಯಿಸುವ ದಿನ ಮಂಗಳಮ್ಮನೂ ಸೇರಿಕೊಳ್ಳುತ್ತಿದ್ದಳು. ಮೈಸೂರಿನಿಂದ ತಂದ ಹೊಸ ಎಣ್ಣೆ ಸಾಲದೆ ಬಂದರೆ ಹಳೆಯದನ್ನೇ ಅವಳ ಹರಕು ಸೀರೆಯಲ್ಲಿ ಸೋಸಿ ಮತ್ತೆ ತುಂಬುವುದು. ಅವನು ಕಾರಿನಡಿ ಅಂಗಾತ ಮಲಗಿ ಅದು ಕೊಡು ಇದು ಕೊಡು ಎನ್ನುತ್ತಿದ್ದ, ಇವಳು ಕೊಡುತ್ತಿದ್ದಳು, ರಂಜಿತ ಹಿಂದಿನ ಸೀಟಿನಲ್ಲಿ ಕುಣಿಯುತ್ತಿದ್ದಳು. "ನಿಮ್ಮಪ್ಪಂಗೆ ನಾನು ಎರಡ್ನೇ ಎಂಡ್ತಿ ಕಣವ್ವ" ಎಂದು ಮಗಳಿಗೆ ಹೇಳಿ ನಗುತ್ತಿದ್ದಳು. ಆಗ ಆ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ.

ಕೊನೆಗೆ ನಾಗಮಂಗಲದ ಒಂದು ಮದುವೆಯಿಂದ ಬರುವಾಗ ಅದು ನಡುದಾರಿಯಲ್ಲಿ ನಿಂತಿತು. ಜೊತೆಯಲ್ಲಿದ್ದವನು ಲಾರಿ ಓಡಿಸುವ ಮುದ್ದಯ್ಯ, ಬೋರಯ್ಯನ ಗೆಳೆಯ. ಅವನು ಕಬ್ಬಿನ ಟ್ರಾಕ್ಟರೊಂದನ್ನು ತಡೆದು, ಹಗ್ಗ ಬಿಗಿದು, ಇಡೀ ದಾರಿ ಕಾರನ್ನು ಎಳೆಸಿಕೊಂಡು ಊರಿಗೆ ತಂದ. ಬಂದವರೆಲ್ಲ ಟ್ರಾಕ್ಟರಿನವನಿಗೆ ಪುಣ್ಯ ಬರಲಿ ಎಂದರು. ಕಾರಿನ ತಳದಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಈ ಜಾತಿಯ ಗಾಡಿಯನ್ನು ಚಕ್ರ ನೆಲಕ್ಕೆ ತಾಗಿಸಿ ಎಳೆಯಲೇಬಾರದು, ಇಂಜಿನ್ನು ಓಡದಿದ್ದರೆ ಎಣ್ಣೆ ಹರಿಯದೆ ಒಳಗೆಲ್ಲ ಸುಟ್ಟುಹೋಗುತ್ತದೆ ಎಂದು ಮೈಸೂರಿನವನೊಬ್ಬ ಹೇಳಿದ್ದು ಆಮೇಲೆ.

ಕಾರು ಚಪ್ಪರ ಸೇರಿತು. ಮುಂದಿನ ವಾರವೇ ದೇವರಾಜು ಬಂದು, "ಬಾವ, ಆ ಗುಜರಿ ಬುಟ್ಟಾಕು. ನನ್ನ ಜೀಪು ಓಡ್ಸು, ಮನೆ ನಡೀತದೆ" ಎಂದ. ಬೋರಯ್ಯ ಜಗಲಿಯಿಂದ ಏಳಲೂ ಇಲ್ಲ. "ನಾನು ನಿನ್ನ ಕೂಲಿ ಡ್ರೈವರ್ರಾ? ನಿನ್ನ ಡಬ್ಬಾ ಜೀಪು ನಾನು ಮುಟ್ಟಕಿಲ್ಲ" ಎಂದುಬಿಟ್ಟ. ಬಾವ ಬಾಮೈದನ ಮಾತು ಅಲ್ಲಿಗೆ ನಿಂತಿತು. ಬೋರಯ್ಯ ಅವರಿವರ ಗದ್ದೆಯಲ್ಲಿ ಕಳೆ ಕೀಳಲು ಹೋದ. ಡ್ರೈವರ್ ಆಗಿದ್ದವನಿಗೆ ಇದೆಂಥ ಹಟ ಎಂದು ಊರು ಆಡಿಕೊಂಡಿತು.

* * *

ಕೊಟ್ಟಿಗೆಯ ಗೋಡೆಯಾಚೆ ಗಂಡಸರು ಬಿದಿರು ಸೀಳುತ್ತ ಚಟ್ಟ ಕಟ್ಟುತ್ತಿದ್ದರು. ಅವರ ಮಾತು ಮಂಗಳಮ್ಮನಿಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಆ ಕಾರ್ನೂ ಜೊತೇಲೆ ಊಳ್ಬುಡಿ ಅತ್ಲಾಗೆ," ಎಂದ ಮುದುಕ ಕುಳ್ಳಯ್ಯ.

"ಅಷ್ಟು ದೊಡ್ಡ ಗುಂಡಿ ನಿಮ್ಮಪ್ಪ ತೆಗೀತಾನಾ?" ಎಂದ ಬಿದಿರು ಹಿಡಿದಿದ್ದವನೊಬ್ಬ.

"ನನ್ನ ಮಗನ ಮದ್ವೇಲಿ ಗಲ್ಲೀಲಿ ಸಿಕ್ಕಾಕಂತು ಕಣ್ಲಾ. ಹಿಂದಕ್ಕೆ ಓಗಕಿಲ್ಲ. ನೂಕುದ್ವು ನೂಕುದ್ವು, ಆಗ್ನಿಲ್ಲ. ಕೊನೆಗೆ ಮದ್ಲಗಿತ್ತೀನೂ ಇಳ್ದು ಸೀರೆ ಕಚ್ಚೆ ಕಟ್ಟಿ ನೂಕುದ್ಲು. ಬೋರಣ್ಣ ಮಾತ್ರ ಒಳ್ಗೆ ಮಾರಾಜನಂಗೆ ಕುಂತವ್ನೆ," ಎಂದ ಕುಳ್ಳಯ್ಯ.

ಸಾವಿನ ಮನೆಯಲ್ಲಿ ನಗುವಷ್ಟೇ ನಕ್ಕರು. ಪೇಟೆಯ ಸ್ಟ್ಯಾಂಡಿನಿಂದ ಬಂದ ಡ್ರೈವರುಗಳು ಹಾರ ತಂದಿದ್ದರು. ಹೆಣಕ್ಕೆ ಖಾಕಿ ಅಂಗಿಯನ್ನೇ ತೊಡಿಸಬೇಕು ಎಂದು ಹಟ ಹಿಡಿದು ತೊಡಿಸಿದವರೂ ಅವರೇ. ಡ್ರೈವರ್ ಸತ್ತರೆ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾರ್ನು ಹೊಡೆದು ಕಳಿಸುವುದು ಅವರ ಪದ್ಧತಿ. ಊರ ಮುಂದೆ ಎರಡು ಟ್ಯಾಕ್ಸಿ, ಮುದ್ದಯ್ಯನ ಲಾರಿ ಅದಕ್ಕಾಗಿಯೇ ನಿಂತಿದ್ದವು.

"ನಗ್ರಪ್ಪ, ನಗಿ," ಎಂದ ದೇವರಾಜು. "ಅವ್ನ ಜಂಬಕ್ಕೆ ನಮ್ಮ ಕೂಸು ಓಯ್ತು. ಜೀಪು ಅಟ್ಟಿ ಮುಂದೆ ನಿಂತಿತ್ತು. ಕೀ ಅದ್ರಲ್ಲೇ ಇತ್ತು. ಮುಟ್ನಿಲ್ಲ ನನ್ಮಗ."

"ಹೆಣದ ಮುಂದೆ ಬ್ಯಾಡ ಬುಡಪ್ಪ," ಎಂದರು ಯಾರೋ. ಗಂಡಸರು ಮತ್ತೆ ಬಿದಿರು ಸೀಳತೊಡಗಿದರು.

* * *

ರಂಜಿತ ತೀರಿಕೊಂಡ ಆ ವರ್ಷ ಜಿಲ್ಲೆಯಲ್ಲೆಲ್ಲ ಮೆದುಳು ಜ್ವರ. ಗದ್ದೆ ಬಯಲಿನ ಊರುಗಳಲ್ಲಿ ಮಕ್ಕಳಿಗೆ ಮೈ ಬಿಸಿಯಾದರೆ ತಾಯಂದಿರು ರಾತ್ರಿಯಿಡೀ ಹಣೆ ಮುಟ್ಟಿ ನೋಡುತ್ತ ಕೂರುತ್ತಿದ್ದರು. ರಂಜಿತಳಿಗೆ ಜ್ವರ ಬಂದದ್ದು ಸಂತೆಯ ಹಿಂದಿನ ದಿನ. ಮಾರನೆಯ ದಿನ ಊರೆಲ್ಲ ಪೇಟೆಯ ಸಂತೆಗೆ ಹೋಗಿತ್ತು. ದೇವರಾಜು ಅಕ್ಕನನ್ನು ನೋಡಲು ಬಂದವನು, ಬಾವನ ಮುಖ ನೋಡಲಾರದೆ, ಜೀಪನ್ನು ಅಂಗಳದಲ್ಲಿ ಬಿಟ್ಟು ಯಾರದೋ ಮೋಟರ್ ಸೈಕಲ್ಲಿನ ಹಿಂದೆ ಕೂತು ಹಸು ನೋಡಲು ಹೋಗಿದ್ದ.

ಮಧ್ಯಾಹ್ನ ರಂಜಿತಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು ಎಳೆಯತೊಡಗಿದವು. ಮಂಗಳಮ್ಮ ಮಗಳನ್ನು ಬಾಚಿಕೊಂಡು ಓಡಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದಳು. "ಕೀ ಇಲ್ಲೇ ಅದೆ, ಬಾ, ಮೈಸೂರ್ಗೆ ಓಡ್ಸು" ಎಂದು ಕೂಗಿದಳು.

ಬೋರಯ್ಯ ಬಂದ. ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. ಒಳಗೆ ಬಗ್ಗಿ ಕೆಳಗೆ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿ, ತಿರುಗಿ ರಸ್ತೆಯ ಕಡೆ ಓಡಿದ. ಪಂಚೆ ಬಿಚ್ಚಿಹೋದರೂ ನಿಲ್ಲದೆ ಓಡಿದ. ಮಂಗಳಮ್ಮ ಅವನ ಬೆನ್ನಿಗೆ ಕಿರುಚಿದಳು, ಬೈದಳು, ಕಾಲಿಗೆ ಬೀಳುತ್ತೇನೆ ಎಂದಳು. ಅವಳಿಗೂ ಓಡಿಸಲು ಬರುತ್ತಿದ್ದರೆ ಅವನ ಹಂಗೇ ಬೇಕಿರಲಿಲ್ಲ.

ಆಚೆ ಊರಿನಲ್ಲಿ ಮಲಗಿದ್ದ ಮುದ್ದಯ್ಯನನ್ನು ಎಬ್ಬಿಸಿ ಕರೆತರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮುದ್ದಯ್ಯ ಜೀಪು ಹಾರಿಸಿದ. ಬೋರಯ್ಯ ಅವನ ಪಕ್ಕದಲ್ಲಿ ಕೂತ. ಹಿಂದೆ ತಾಯಿಯ ತೊಡೆಯ ಮೇಲೆ ಮಗು ಎಳೆದುಕೊಳ್ಳುತ್ತಿದ್ದರೂ ಒಮ್ಮೆಯಾದರೂ ಅವನು ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ತಲೆ ತಗ್ಗಿಸಿ ಮುದ್ದಯ್ಯನ ಕಾಲುಗಳನ್ನೇ ನೋಡುತ್ತಿದ್ದ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ರಂಜಿತಳ ಎಳೆತ ನಿಂತಿತು. ಕಡಿಮೆಯಾಯಿತು ಎಂದುಕೊಂಡು ಮಂಗಳಮ್ಮ ಅವಳ ಬೆವರು ಒರೆಸಿದಳು. ಸೇತುವೆ ದಾಟಿದ ಮೇಲೆ ಗೊತ್ತಾಯಿತು.

* * *

"ಅತ್ಗೆ, ಚಟ್ಟಕ್ಕೆ ಅಗ್ಗ ಸಾಲ್ದು. ಇಲ್ಲಿ ಇದ್ದಾದಾ?" ಎನ್ನುತ್ತ ಮುದ್ದಯ್ಯ ಕೊಟ್ಟಿಗೆಯೊಳಗೆ ಬಂದ. ಅತ್ತು ಅತ್ತು ಅವನ ಮುಖ ಊದಿತ್ತು.

ಮಂಗಳಮ್ಮ ಗೂಟದ ಕಡೆ ತೋರಿಸಿದಳು. ಅವನು ಹಗ್ಗ ತೆಗೆದುಕೊಂಡ. ಆದರೆ ಹೋಗಲಿಲ್ಲ. ಮೊಣಕೈಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತ ನಿಂತ.

"ಇದೇ ಕೈಲೇ ಅವತ್ತು ಕಾರ್ಗೂ ಬಿಗ್ದೆ. ಎಳುದ್ರೆ ಸುಟ್ಟೋಯ್ತದೆ ಅಂತ ನಂಗೇನು ಗೊತ್ತು. ಲಾರಿ ಕೆಟ್ರೆ ನಾವು ಅಂಗೇ ಅಲ್ವಾ ತರೋದು. ಆ ಕಾರು ನಿಂತಾಗ್ಲೇ ಬೋರಣ್ಣ ಅರ್ಧ ಸತ್ತ."

"ಕಾರು ಓದ್ರೆ ಓಯ್ತು. ಊರ್ನಲ್ಲಿ ಬ್ಯಾರೆ ಗಾಡಿ ಇರ್ನಿಲ್ವಾ? ಇವ್ನಿಗೆ ಕೈಕಾಲು ಇರ್ನಿಲ್ವಾ?"

"ಅಕ್ಕಿ ಹಾಕ್ಬುಡು ಅತ್ಗೆ."

"ಕೂಸು ಹಿಂದ್ಗಡೆ ಒದ್ದಾಡ್ತಿದ್ರೆ ತಿರುಗಿ ನೋಡ್ನಿಲ್ಲ ಕಣಪ್ಪ ಅವ್ನು. ನಿನ್ನ ಕಾಲು ನೋಡ್ಕಂಡು ಕುಂತಿದ್ದ. ನೀನೇ ಇದ್ದೆಯಲ್ಲ. ಅಂತವ್ನ ಬಾಯ್ಗೆ ನಾನು ಅಕ್ಕಿ ಹಾಕ್ಬೇಕಾ?"

ಮುದ್ದಯ್ಯ ಹಗ್ಗವನ್ನು ಕೆಳಗಿಟ್ಟ. "ಊಂ. ನನ್ನ ಕಾಲೇ ನೋಡ್ತಿದ್ದ. ಎಡಗಾಲು ನೋಡ್ತಿದ್ದ ಅತ್ಗೆ. ನಾನು ಎಂಗೆ ಒತ್ತುತೀನಿ, ಎಂಗೆ ಬುಡ್ತೀನಿ ಅಂತ."

"ಯಾಕೆ?"

"ಅವ್ನಿಗೆ ಬತ್ತಿರ್ನಿಲ್ಲ."

ಮಂಗಳಮ್ಮನಿಗೆ ಅರ್ಥವಾಗಲಿಲ್ಲ. ಅವನು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಜೀಪೂ ಬತ್ತಿರ್ನಿಲ್ಲ, ಟ್ರಾಕ್ಟರೂ ಬತ್ತಿರ್ನಿಲ್ಲ. ಆ ಕಾರು ಬುಟ್ರೆ ಇನ್ಯಾವ್ದೂ ಬತ್ತಿರ್ನಿಲ್ಲ. ಎಲ್ಲಾ ಗಾಡೀಲೂ ಎಡಗಾಲ್ಗೆ ಕ್ಲಚ್ಚು ಅಂತ ಒಂದಿರ್ತದೆ. ಅದ ಒತ್ತಿ, ಗೇರು ಹಾಕಿ, ಮೆಲ್ಗೆ ಬುಟ್ರೇನೆ ಗಾಡಿ ಕದ್ಲೋದು. ತಮ್ಮಯ್ಯನವ್ರ ಕಾರ್ನಲ್ಲಿ ಅದಿಲ್ಲ. ಅವ್ನು ಕಲ್ತಿದ್ದು ಅದೊಂದೇ ಕಾರು. ಕಾರು ನಿಂತ ಮ್ಯಾಲೆ ನನ್ನ ಕೇಳ್ಕಂಡ, ನಂಗೆ ಕಲ್ಸಿಕೊಡು ಕಣ್ಲಾ ಅಂತ. ಕೆರೆ ಅಂಗಳ್ದಲ್ಲಿ ಲಾರಿ ಕೊಟ್ಟೆ. ಒತ್ತುದ್ರೆ ಬುಡೋನಲ್ಲ, ಬುಟ್ರೆ ಒಂದೇ ಸಲ ಬುಟ್ಬುಡೋನು. ಎಗರಿ ನಿಂತೋಯ್ತಿತ್ತು. ಒಂದಿನ ಕಬ್ಬಿನ ಗದ್ದೆಗೇ ನುಗ್ಗುಸ್ದ. ಅವತ್ತು ಅತ್ತ. ಇನ್ನು ಈ ಕಾಲು ಕಲಿಯಕಿಲ್ಲ ಕಣ್ಲಾ, ಯಾರ್ಗೂ ಯೋಳ್ಬ್ಯಾಡ ಅಂತ ಮಕ್ಳ ಮ್ಯಾಲೆ ಆಣೆ ಹಾಕುಸ್ಕಂಡ."

"ದೇವರಾಜಂಗೆ ಅಂದಿದ್ದು..."

"ಇನ್ನೇನಂತಾನೆ. ಓಡ್ಸಾಕೆ ಬರಕಿಲ್ಲ ಅಂತ ಅನ್ನಾಕಾಯ್ತದಾ? ಡ್ರೈವರ್ ಬೋರಣ್ಣ."

ಎಮ್ಮೆ ಬಾಲ ಬೀಸಿತು. ಮಂಗಳಮ್ಮ ಗೋಡೆಗೆ ಒರಗಿದಳು. "ನಂಗೆ ಯೋಳ್ಬೋದಿತ್ತಲ್ಲ."

"ನಾನೂ ಅಂದೆ ಅತ್ಗೆ. ಕೂಸು ಓದ ಮ್ಯಾಲೆ ಎಷ್ಟೋ ಸಲ ಅಂದೆ. ಅವ್ನು ಅಂದಿದ್ದು ಒಂದೇ ಮಾತು. 'ಅವ್ಳು ನನ್ನ ಬೈಕಂಡಾದ್ರೂ ಇರ್ಲಿ ಕಣ್ಲಾ. ನಿಜ ಗೊತ್ತಾದ್ರೆ ಬೈಯಾಕೂ ಅವ್ಳಿಗೆ ಯಾರೂ ಇರಕಿಲ್ಲ' ಅಂದ."

ಮಂಗಳಮ್ಮ ಖಾಲಿ ಪಾತ್ರೆಯನ್ನು ಎತ್ತಿ ಬೋರಲು ಹಾಕಿದಳು. ಐದು ವರ್ಷ ಅವಳನ್ನು ಬೆಳಿಗ್ಗೆ ಎಬ್ಬಿಸಿದ್ದು ಆ ಸಿಟ್ಟು. ಹುಲ್ಲು ಕೊಯ್ಯಿಸಿದ್ದು, ಒಲೆ ಉರಿಸಿದ್ದು, ಬೇರೆ ಮಕ್ಕಳು ಶಾಲೆಗೆ ಹೋಗುವಾಗ ಬಾಗಿಲಲ್ಲಿ ನಿಲ್ಲುವ ಧೈರ್ಯ ಕೊಟ್ಟದ್ದು ಆ ಸಿಟ್ಟು. ಅದನ್ನು ಈಗ ಈ ಮನುಷ್ಯ ಬಂದು ಎತ್ತಿಕೊಂಡು ಹೋಗುತ್ತಿದ್ದಾನೆ. ಮಗಳು ಸತ್ತದ್ದು ಯಾರ ಕೇಡಿನಿಂದಲೂ ಅಲ್ಲ. ಒಂದು ಕಾಲಿಗೆ ಒಂದು ಕೆಲಸ ಬರುತ್ತಿರಲಿಲ್ಲ, ಅಷ್ಟೆ. ಅಷ್ಟಕ್ಕೆ ಸತ್ತಳೇ.

"ಈಗ್ಯಾಕೆ ಯೋಳ್ದೆ?" ಎಂದಳು.

"ಅಕ್ಕಿ ಹಾಕ್ದೆ ಕಳುಸ್ಬಾರ್ದು ಅಂತ..."

"ಒಂದಿಡಿ ಅಕ್ಕಿಗೋಸ್ಕರ ಯೋಳ್ದೇನಪ್ಪ." ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಅದಕ್ಕೇ ಮುದ್ದಯ್ಯನಿಗೆ ನಿಲ್ಲಲಾಗಲಿಲ್ಲ. ಹಗ್ಗ ಎತ್ತಿಕೊಂಡು ಹೊರಟುಹೋದ.

* * *

ಮಂಗಳಮ್ಮ ಅಂಗಳಕ್ಕೆ ನೇರವಾಗಿ ಹೋಗಲಿಲ್ಲ. ಹಿತ್ತಿಲಿನಿಂದ ಸುತ್ತಿ ಚಪ್ಪರಕ್ಕೆ ಬಂದಳು. ಬೆಳಿಗ್ಗೆ ಹೆಣ ಇಳಿಸಿದವರು ಕಾರಿನ ಬಾಗಿಲನ್ನು ಹಾಗೆಯೇ ತೆರೆದಿಟ್ಟಿದ್ದರು. ಪ್ರತಿ ಸಂಜೆ ಅವನು ಇದರೊಳಗೆ ಕೂರುವುದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಮಗಳಿಗಿಂತ ಗುಜರಿಯೇ ಹೆಚ್ಚಾಯಿತಲ್ಲ ಎಂದು ಹಲ್ಲು ಕಡಿದಿದ್ದಳು. ಒಳಗೆ ಏನಿದೆ ಎಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಈಗ ಬಗ್ಗಿದಳು. ಕಾಲಿಡುವ ಜಾಗದಲ್ಲಿ ಬಲಕ್ಕೆ ಎರಡು ಪೆಡಲು. ಎಡಕ್ಕೆ, ಯಾವುದೋ ಹಳೆಯ ಗಾಡಿಯ ಸ್ಪ್ರಿಂಗಿನ ಮೇಲೆ ಒಂದು ತುಂಡು ಹಲಗೆಯನ್ನು ತಂತಿಯಿಂದ ಕಟ್ಟಿ ನಿಲ್ಲಿಸಿತ್ತು. ಹಲಗೆಯ ನಡುವೆ ಹಿಮ್ಮಡಿಯ, ಬೆರಳುಗಳ ಗುರುತು ಮೂಡುವಷ್ಟು ಸವೆದು, ಮರ ನುಣ್ಣಗೆ ಹೊಳೆಯುತ್ತಿತ್ತು. ಮಂಗಳಮ್ಮ ಅದನ್ನು ಕೈಯಿಂದ ಒತ್ತಿದಳು. ತಳದವರೆಗೆ ಹೋಯಿತು. ಮೆಲ್ಲಗೆ ಬಿಟ್ಟಳು, ಮೆಲ್ಲಗೆ ಮೇಲೆ ಬಂತು. ಮಗಳು ಸತ್ತ ಮೇಲೆ ಅವನು ಇದನ್ನು ಕಲಿಯುತ್ತ ಕೂತಿದ್ದ. ಕಲಿತು ಯಾರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದಿದ್ದನೋ.

ಅವಳು ಸ್ಪ್ರಿಂಗನ್ನೂ ಹಲಗೆಯನ್ನೂ ತಂತಿ ಸಮೇತ ಕಿತ್ತಳು. ಕೈ ಗೀರಿ ರಕ್ತ ಬಂತು. ಯಾರ ಕಣ್ಣಿಗೂ ಬೀಳದ ಹಾಗೆ ಅವನ್ನು ಒಯ್ದು ತಿಪ್ಪೆಯಲ್ಲಿ ಮೊಣಕೈ ಆಳಕ್ಕೆ ಹೂತು, ಕೈ ತೊಳೆದುಕೊಂಡು ಅಂಗಳಕ್ಕೆ ಬಂದಳು.

ತಮಟೆ ನಿಂತಿತು. ಹೆಂಗಸರು ದಾರಿ ಬಿಟ್ಟರು. ಬೈರಮ್ಮ ಮೊರದಲ್ಲಿದ್ದ ಅಕ್ಕಿಯನ್ನು ಅವಳ ಬೊಗಸೆಗೆ ಹಾಕಿದಳು. ಹೂವು, ವಿಭೂತಿ, ಖಾಕಿ ಅಂಗಿಯ ನಡುವೆ ಬೋರಯ್ಯ ಗೋಡೆಗೆ ಒರಗಿ ಕೂತಿದ್ದ.

"ಅಕ್ಕ," ಎಂದು ದೇವರಾಜು ಎದ್ದು ಬಂದ. ಅವನ ಕಣ್ಣುಗಳು ಕೆಂಪಾಗಿದ್ದವು. "ಯಾರು ಏನಂದ್ರೂ ನೀನು ಹಾಕ್ಬೇಕಾದ್ದಿಲ್ಲ. ಈ ಮನ್ಸ ಜೀಪು ಮುಟ್ಟಿದ್ರೆ ನಮ್ಮ ಕೂಸು ಇವತ್ತು ಇರ್ತಿತ್ತು. ಯಾಕೆ ಮುಟ್ನಿಲ್ಲ ಅಂತ ಇವತ್ಗಂಟ ಒಬ್ರೂ ಯೋಳ್ನಿಲ್ಲ."

ಪೇಟೆಯ ಡ್ರೈವರುಗಳು ಹಾರ ಹಿಡಿದು ಅಲ್ಲೇ ನಿಂತಿದ್ದರು. ಮುದ್ದಯ್ಯ ಚಟ್ಟದ ಹಗ್ಗವನ್ನು ಬಿಗಿದದ್ದನ್ನೇ ಮತ್ತೆ ಬಿಗಿಯುತ್ತ ತಲೆ ಎತ್ತಲಿಲ್ಲ. ಒಂದು ಮಾತು ಹೇಳಿದರೆ ಸಾಕಿತ್ತು. ಬೋರಯ್ಯ ಕಟುಕನಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಸ್ಮಶಾನ ಮುಟ್ಟುವ ಮುಂಚೆ ಊರು ನಗಲೂ ಶುರುಮಾಡುತ್ತಿತ್ತು, ಕ್ಲಚ್ಚು ಒತ್ತಲು ಬಾರದ ಡ್ರೈವರ್ ಎಂದು.

"ಜಂಬ ಕಣಪ್ಪ," ಎಂದಳು ಮಂಗಳಮ್ಮ. "ಡ್ರೈವರ್ರಲ್ವಾ. ಕಂಡೋರ ಗಾಡಿ ಮುಟ್ತಿರ್ನಿಲ್ಲ."

ದೇವರಾಜು ಪಕ್ಕಕ್ಕೆ ಸರಿದ. ಅವಳು ಗಂಡನ ಮುಂದೆ ಮಂಡಿಯೂರಿ ಕೂತಳು. ಬೆಳಗಿನಿಂದ ಊರಿಗೆ ಊರೇ ಬಂದು ಹಾಕಿದ ಅಕ್ಕಿ. ಬೋರಯ್ಯನ ಬಾಯಿ ತುಂಬಿ, ತುಟಿಗಳ ನಡುವೆ ಬಿಳಿಯ ಕಾಳುಗಳು ಇಣುಕುತ್ತಿದ್ದವು. ಗದ್ದಕ್ಕೆ ಬಟ್ಟೆ ಬಿಗಿದಿತ್ತು. ಮಂಗಳಮ್ಮ ನಾಲ್ಕು ಕಾಳು ಹಾಕಿದಳು, ಅವು ಜಾರಿ ಅಂಗಿಯ ಮೇಲೆ ಬಿದ್ದವು. ಮತ್ತೆ ಹಾಕಿದಳು. ಬೆರಳಿನಿಂದ ಒತ್ತಿ ನೋಡಿದಳು, ಒಳಗೆ ಜಾಗವಿರಲಿಲ್ಲ.

"ತುಂಬೋಗದೆ ಮಗ. ಮ್ಯಾಲೆ ಇಟ್ಬುಡು, ಸಾಕು," ಎಂದಳು ಬೈರಮ್ಮ.

ಮಂಗಳಮ್ಮ ಕೇಳಿಸಿಕೊಳ್ಳಲಿಲ್ಲ. ಗಂಡನ ಕೆನ್ನೆ ಹಿಡಿದು, ಅವನ ಮುಖಕ್ಕೆ ಮುಖ ಕೊಟ್ಟು, "ವಸಿ ಬಾಯಿ ತೆಗಿ," ಎಂದಳು. ಐದು ವರ್ಷದ ಮೇಲೆ ಅವನಿಗೇ ಆಡಿದ ಮಾತು. "ವಸಿ ತೆಗಿ. ನಾನೂ ಹಾಕ್ಬೇಕು."

ಹೆಂಗಸರು ಅವಳ ರಟ್ಟೆ ಹಿಡಿದು ಎಬ್ಬಿಸಿದರು. ಗಂಡಸರು ಬೋರಯ್ಯನನ್ನು ಚಟ್ಟಕ್ಕೇರಿಸಿ ಹೆಗಲು ಕೊಟ್ಟರು. ತಮಟೆ ಶುರುವಾಯಿತು. ಊರ ಮುಂದೆ ಲಾರಿ, ಟ್ಯಾಕ್ಸಿಗಳ ಹಾರ್ನುಗಳು ಒಟ್ಟಿಗೆ ಕೂಗಿಕೊಂಡವು. ಜನವೆಲ್ಲ ಚಟ್ಟದ ಹಿಂದೆ ಹೊರಟ ಮೇಲೆ, ಅವನು ಕೂತಿದ್ದ ಜಾಗಕ್ಕೆ ಒಂದು ಹೇಟೆ ಕೋಳಿ ಬಂತು. ನೆಲದಲ್ಲಿ ಚೆಲ್ಲಿದ್ದ ಅಕ್ಕಿಯನ್ನು ಕೊಕ್ಕಿನಿಂದ ತಟ್ಟಿ ತಟ್ಟಿ ಮರಿಗಳನ್ನು ಕರೆಯಿತು. ಮರಿಗಳು ಓಡಿ ಬಂದು ಹೆಕ್ಕತೊಡಗಿದವು. ಮಂಗಳಮ್ಮ ಅವನ್ನು ಅಟ್ಟಲಿಲ್ಲ. ಉಳಿದ ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.